ಮನೆತನದ ಪುಸ್ತಕ: ಎಲ್ಲಿಂದ ಶುರು?

ಪ್ರಶ್ನೆ: ನಮ್ಮಜ್ಜ ಉಡುಪಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರು. ಮನೆತನದ ಇತಿಹಾಸ ಬರೆಯಬೇಕೆಂದಿದ್ದೇನೆ. ದಾಖಲೆ ಎಲ್ಲಿ ಹುಡುಕಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಹಿರಿಯರ ಮಾತು, ಆಮೇಲೆ ಕಾಗದ. ಕಾಗದ ಕಾಯುತ್ತದೆ, ಹಿರಿಯರ ನೆನಪು ಕಾಯುವುದಿಲ್ಲ. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ, ಆಸ್ತಿ ನಡೆಯುವ ಪದ್ಧತಿಯ) ಮನೆಯಾದರೆ ಅಪ್ಪನ ಕಡೆಯಿಂದ ಏರಬೇಡಿ. ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹೋಗಿ. ‘ಬಳಿ’ (ಗೋತ್ರದಂಥ ಕುಲದ ಹೆಸರು) ಬರುವುದೂ ತಾಯಿಯಿಂದಲೇ. ಹೆಚ್ಚಿನವರು ಎಡವುವುದು ಇಲ್ಲೇ.

ಜಾಗದ ದಾಖಲೆಗೆ ಊರಿನ ತಾಲೂಕು ಕಚೇರಿಯೇ ಗತಿ. 1862ರಲ್ಲಿ ಕೆನರಾ ಜಿಲ್ಲೆ ಇಬ್ಭಾಗವಾಗಿ ಉತ್ತರದ್ದು ಮುಂಬಯಿ ಪ್ರಾಂತ್ಯಕ್ಕೆ ಸೇರಿತು; ಉಡುಪಿ ಸೇರಿದ್ದ ದಕ್ಷಿಣದ್ದು 1956ರವರೆಗೂ ಮದ್ರಾಸಿನಡಿ ಇತ್ತು. ಹಾಗಾಗಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಸರಕಾರಿ ಪತ್ರಾಗಾರ ಕಾರವಾರ, ಕುಮಟಾದವರಿಗೆ ಉಪಯೋಗ, ನಿಮಗೆ ಅಷ್ಟಿಲ್ಲ. ಅಜ್ಜ ಗೇಣಿದಾರರಾಗಿದ್ದರೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿ ಜಮೀನಿನ ಹಕ್ಕು ಕೋರಿ ಸಲ್ಲಿಸಿದ ಡಿಕ್ಲರೇಷನ್ ಕೇಳಿ. ಸರ್ವೆ ನಂಬರು, ಧಣಿಯ ಹೆಸರು ಎರಡೂ ಸಿಗಬಹುದು. ಕುಟುಂಬದವರು ನಾಸಿಕಕ್ಕೆ ಶ್ರಾದ್ಧಕ್ಕೆ ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ವಂಶಾವಳಿ ವಹಿಯನ್ನೂ ವಿಚಾರಿಸಿ.

ಹಳೆಯ ಜಾತಕದಲ್ಲಿ ಬರೀ ‘ಪ್ರಭವ ಸಂವತ್ಸರ’ ಎಂದಿದ್ದರೆ ಜೋಕೆ. ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: 1867, 1927, 1987. ಅಣ್ಣತಮ್ಮಂದಿರ ವಯಸ್ಸಿನೊಂದಿಗೆ ತಾಳೆ ನೋಡದೆ ಇಸವಿ ಹಾಕಿದರೆ ಅಜ್ಜ ಮೊಮ್ಮಗನಾಗಿಬಿಡುತ್ತಾನೆ!

ಸಣ್ಣ ಫೋಟೋಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ದುಪ್ಪಟ್ಟು ಹಿಗ್ಗಿಸಿದರೂ ಅಚ್ಚು ಕೆಡದು. ಹಿಂಬದಿಯ ಬರಹವನ್ನೂ ಬಿಡಬೇಡಿ, ಸ್ಟುಡಿಯೋದ ಮೊಹರು ಅಲ್ಲೇ ಇರುತ್ತದೆ.