ಓದುಗರ ಪ್ರಶ್ನೆ: ಹುಟ್ಟುಹಬ್ಬದ ದಾನ

ಪ್ರಶ್ನೆ: ಪ್ರತಿವರ್ಷ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುತ್ತೇನೆ. ಯಾಕೋ ಮನಸ್ಸಿಗೆ ತೃಪ್ತಿಯಿಲ್ಲ. ವಯಸ್ಸು 52, ತೂಕ 58 ಕಿಲೋ. ಇದುವರೆಗೆ ರಕ್ತ ಕೊಟ್ಟಿಲ್ಲ, ಈಗ ಕೊಡಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಧಾರಾಳವಾಗಿ. ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ಅದನ್ನು ಅಲ್ಲೇ ಬೆರಳು ಚುಚ್ಚಿ ನೋಡುತ್ತಾರೆ. ಬಿಪಿ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಇನ್ಸುಲಿನ್ ಇದ್ದರೆ ಕೊಡುವಂತಿಲ್ಲ.

ಆದರೆ ಹುಟ್ಟುಹಬ್ಬವನ್ನೇ ಕಾಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಅಲ್ಲಿನ ಶಿಬಿರಗಳೂ ನಿಲ್ಲುತ್ತವೆ. ಮಳೆ ಹಿಡಿದ ಮೇಲೆ ಡೆಂಗ್ಯೂ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತವೆ. ದಾನದ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಟ್ಟರೆ ಉಳಿಯುವುದು ಐದೇ ದಿನ, ಹಾಗಾಗಿ ಕೂಡಿಡಲು ಬರುವುದಿಲ್ಲ. ನಿಮ್ಮ ರಕ್ತ ನಿಜಕ್ಕೂ ಬೇಕಾಗುವುದು ಆಗ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ರಕ್ತದ ಗುಂಪಿನ ಜೊತೆ ಫೋನ್ ನಂಬರ್ ಬರೆಸಿ ಬನ್ನಿ.

ತಲೆಸುತ್ತು ಬರುವುದು ಹೆಚ್ಚಾಗಿ ಖಾಲಿ ಹೊಟ್ಟೆಯಲ್ಲಿ ಹೋದವರಿಗೆ, ಇಲ್ಲವೇ ಮಂಚದಿಂದ ದಡಕ್ಕನೆ ಎದ್ದವರಿಗೆ. ತಿಂಡಿ ತಿಂದು, ಅರ್ಧ ಲೀಟರ್ ನೀರು ಕುಡಿದು ಹೋಗಿ. ಮುಗಿದ ಮೇಲೆ ಹದಿನೈದು ನಿಮಿಷ ಕೂತಿರಿ. ಆ ದಿನ ಭಾರ ಎತ್ತಬೇಡಿ, ಸೂಜಿ ಚುಚ್ಚಿದ ಜಾಗ ಕಪ್ಪುಗಟ್ಟುತ್ತದೆ.

ಮುಂದಿನ ಸಲಕ್ಕೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರ ಬೇಕು. ಆ ದಿನಾಂಕವನ್ನು ಅಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.