ಮಾರ್ಗರೆಟ್ ಆಳ್ವ ಅವರ ಥರ ಬೆಳೀಬೇಕು ಅಂದ್ರೆ ಪಂಚಾಯ್ತಿ ಎಲ್ಲ ಬಿಟ್ಟು ನೇರ ಪಕ್ಷಕ್ಕೆ ಸೇರೋದೇ ಒಳ್ಳೇದಲ್ವಾ?

ಲಾ ಮುಗಿಸಿದೀನಿ, ಪಂಚಾಯ್ತಿ ರಗಳೆ ಬೇಡ, ಪಕ್ಷದಲ್ಲೇ ದುಡ್ಕೊಂಡು ಮೇಲೆ ಹೋಗ್ತೀನಿ ಅಂತ ಬರ್ದಿದೀರಲ್ಲ, ಓದ್ತಾ ಇದ್ರೆ 2003ರ ನಾನೇ ಕೂತು ಟೈಪ್ ಮಾಡಿದ ಹಾಗಿದೆ.

ನಮ್ಮೂರು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. 1999ರಲ್ಲಿ ಕಾಂಗ್ರೆಸ್ಸಿನ ಆಳ್ವ ಅವರು ನಮ್ಮ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತಾಗ ನಾನು ಶಿರಸೀಲಿ ಡಿಗ್ರಿ ಓದ್ತಿದ್ದೆ. ಬಿಜೆಪಿಯ ಅನಂತಕುಮಾರ್ ಹೆಗಡೆ ಅವರನ್ನ ಸೋಲಿಸಿ ಗೆದ್ರು ನೋಡಿ, ಅವತ್ತೇ ತಲೆಗೆ ಹುಳ ಬಿಟ್ಕೊಂಡೆ. ಡಿಗ್ರಿ ಮುಗಿದ ಮೇಲೆ ಒಂದು ಪಕ್ಷ ಸೇರಿದೆ. ಯಾವುದು ಅಂತ ಕೇಳ್ಬೇಡಿ, ಸಭೇಲಿ ಕುರ್ಚಿ ಹಾಕೋದಕ್ಕೆ ಹೆಣ್ಮಕ್ಕಳನ್ನ ಕರೆಯೋದ್ರಲ್ಲಿ ಎಲ್ಲಾ ಪಕ್ಷಾನೂ ಒಂದೇ.

ತಪ್ಪು ಎಲ್ಲಾಯ್ತು ಅಂದ್ರೆ, ಅಲ್ಲೊಬ್ಬ ಲೀಡರ್ ಹೇಳಿದ್ರು, ಹಳ್ಳೀಲಿದ್ರೆ ಯಾರಿಗೆ ಗೊತ್ತಾಗುತ್ತೆ, ಪೇಟೆ ವೋಟರ್ ಆಗು, ಮುಂದೆ ಶಿರಸಿ ಪುರಸಭೆಗೆ ನಾಮನಿರ್ದೇಶನ ಮಾಡಿಸ್ತೀನಿ ಅಂತ. ನಾಮನಿರ್ದೇಶಿತ ಸದಸ್ಯರಿಗೆ ಸಭೇಲಿ ಕೈ ಎತ್ತೋ ಅಧಿಕಾರಾನೂ ಇಲ್ಲ ಅನ್ನೋದು ಆಗ ನಂಗೆ ಗೊತ್ತಿರ್ಲಿಲ್ಲ, ಕೇಳ್ಲೂ ಇಲ್ಲ. ಚಿಕ್ಕಮ್ಮನ ಮನೆ ವಿಳಾಸ ಕೊಟ್ಟು ಹೆಸರು ಅಲ್ಲಿಗೆ ಹಾಕಿಸ್ಕೊಂಡೆ, ಊರಿನ ಪಟ್ಟೀಲಿ ತೆಗೆಸಿದೆ. ಒಂದು ಫಾರಂ, ಒಂದು ಸಹಿ, ಅಷ್ಟೇ. ಮನೇಲೂ ಹೇಳಿರ್ಲಿಲ್ಲ.

2005ರಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ವಾರ್ಡು ಸಾಮಾನ್ಯ ಮಹಿಳೆಗೆ ಮೀಸಲು. ಊರಿನ ನಾಲ್ಕು ಜನ ಹಿರಿಯರು ಮನೆ ಜಗಲಿಗೆ ಬಂದು ಎಲೆ ಅಡಿಕೆ ಕವಳ ಹಾಕ್ತಾ, ತಂಗಿ ನೀನೇ ನಿಲ್ಲು, ಎದುರಾಳಿನೇ ಇರಲ್ಲ ಅಂದ್ರು. ಬಿಂಕ ಮಾಡಿದೆ, ಎರಡು ದಿನ ತಗೊಂಡೆ, ಆಮೇಲೆ ಹ್ಞೂಂ ಅಂದೆ. ನಾಮಪತ್ರಕ್ಕೆ ಅಂತ ಹೋದಾಗ ಅಲ್ಲಿದ್ದ ಗುಮಾಸ್ತರು ಮತದಾರರ ಪಟ್ಟಿ ಬಿಚ್ಚಿ ಬೆರಳಿಟ್ಟು ಓದಿದ್ರು: ಅಪ್ಪಯ್ಯ, ಆಯಿ, ಅಣ್ಣ, ಅದಾದ ಮೇಲೆ ಪಕ್ಕದ ಮನೆ. ನಾನಿಲ್ಲ. ಇನ್ನೊಂದ್ಸಲ ನೋಡಿ ಅಂದೆ, ನೋಡಿದ್ರು. ಪಂಚಾಯ್ತಿಗೆ ನಿಲ್ಬೇಕಂದ್ರೆ ಆ ಪಂಚಾಯ್ತಿ ಪಟ್ಟೀಲಿ ಹೆಸರು ಇರ್ಬೇಕು, ಊರಲ್ಲಿ ಹುಟ್ಟಿದ್ದು, ಊರಿನ ತೋಟ, ಅಪ್ಪಯ್ಯನ ಹೆಸರು ಯಾವುದೂ ಲೆಕ್ಕಕ್ಕಿಲ್ಲ. ಅಪ್ಪಯ್ಯ ವಾಪಸ್ ಬರ್ತಾ ಬಸ್ಸಲ್ಲಿ ಒಂದೇ ಮಾತು ಕೇಳಿದ್ದು, ಯಾವಾಗ ತೆಗೆಸಿದ್ದೆ ಅಂತ. ಆ ಸೀಟಿಗೆ ನಮ್ಮನೆ ಅಡಿಕೆ ಸುಲಿಯೋಕೆ ಬರ್ತಿದ್ದ ಒಬ್ರು ಅಕ್ಕ ನಿಂತ್ರು, ಗೆದ್ರು, ಆಮೇಲೆ ಅಧ್ಯಕ್ಷೆನೂ ಆದ್ರು. ಚೆನ್ನಾಗೇ ಮಾಡಿದ್ರು ಬಿಡಿ, ಅದೇ ಹೆಚ್ಚು ಉರಿ. ಪುರಸಭೆ ನಾಮನಿರ್ದೇಶನ? ಆ ಲೀಡರ್ ಪಕ್ಷಾನೇ ಬದಲಾಯಿಸಿದ್ರು.

ಈಗ ಆಳ್ವ ಅವರ ವಿಷಯ. ಅವರು ದುಡೀಲಿಲ್ಲ ಅಂತಲ್ಲ, ಆದ್ರೆ ನೀವು ಅಂದ್ಕೊಂಡಿರೋ ದಾರಿ ಅವರದ್ದಲ್ಲ. ಮಾವ ಜೋಕಿಂ ಆಳ್ವ ನಮ್ಮ ಜಿಲ್ಲೆಯಿಂದಲೇ ಎಂಪಿ, ಅತ್ತೆ ವಯಲೆಟ್ ಆಳ್ವ ರಾಜ್ಯಸಭೆ ಉಪಸಭಾಪತಿ. ಮಾರ್ಗರೆಟ್ ಅವರು 1974ರಲ್ಲಿ 32ನೇ ವಯಸ್ಸಿಗೆ ರಾಜ್ಯಸಭೆಗೆ ಹೋದ್ರು, ಸತತ ನಾಲ್ಕು ಅವಧಿ, 24 ವರ್ಷ. ಅಂದ್ರೆ ಲೋಕಸಭೆಗೆ ಮೊದಲ ಸಲ ಗೆದ್ದಾಗ 57 ವರ್ಷ, 2004ರಲ್ಲಿ ಅದೇ ಹೆಗಡೆ ಅವರ ಎದುರು ಸೋತ್ರು. 2008ರಲ್ಲಿ ವಿಧಾನಸಭೆ ಟಿಕೆಟ್ ಮಾರಾಟ ಆಗಿದೆ ಅಂತ ಬಾಯ್ಬಿಟ್ಟು ಹೇಳಿ ಎಐಸಿಸಿ, ಅಂದ್ರೆ ಕಾಂಗ್ರೆಸ್ಸಿನ ರಾಷ್ಟ್ರೀಯ ಸಮಿತಿಯ ಪ್ರಧಾನ ಕಾರ್ಯದರ್ಶಿ ಹುದ್ದೆ ಕಳ್ಕೊಂಡ್ರು. ಮರುವರ್ಷನೇ ಉತ್ತರಾಖಂಡದ ರಾಜ್ಯಪಾಲರಾದ್ರು ಅನ್ನೋದು ಬೇರೆ, ನೀವು ನಾನು ಹಾಗೆ ಮಾತಾಡಿದ್ರೆ ರಾಜಭವನಕ್ಕಲ್ಲ, ಮನೆಗೇ ಕಳಿಸ್ತಾರೆ. 2022ರಲ್ಲಿ ಉಪರಾಷ್ಟ್ರಪತಿ ಚುನಾವಣೇಲಿ 182 ವೋಟು ಬಂತು, ಎದುರಾಳಿ ಧನಕರ್ ಅವರಿಗೆ 528. ಸೋಲ್ತೀನಿ ಅಂತ ಗೊತ್ತಿದ್ದೇ 80ನೇ ವಯಸ್ಸಲ್ಲಿ ನಿಂತ್ರಲ್ಲ, ಆ ಗಟ್ಟಿತನ ನಂಗಿಷ್ಟ.

ತಮಾಷೆ ಏನು ಗೊತ್ತಾ, ಪಂಚಾಯ್ತೀಲಿ ಹೆಂಗಸರಿಗೆ ಸೀಟು ಇಡಿ ಅಂತ ದೆಹಲೀಲಿ ಕೂತು ಓಡಾಡಿದೋರಲ್ಲಿ ಅವರೇ ಒಬ್ರು. ರಾಜೀವ್ ಗಾಂಧಿ ಸರ್ಕಾರದಲ್ಲಿ ಮಹಿಳಾ ಇಲಾಖೆ ಅವರ ಹತ್ರ ಇದ್ದಾಗ ಬಂದ 1988ರ ಮಹಿಳಾ ಯೋಜನೇಲಿ ಶೇ 30 ಮೀಸಲಾತಿ ಶಿಫಾರಸು ಇತ್ತು. ಮರುವರ್ಷ ಪಂಚಾಯ್ತಿ ಮಸೂದೆ ರಾಜ್ಯಸಭೇಲಿ ಬಿತ್ತು, ಕೊನೆಗೆ ಸಂವಿಧಾನದ 73ನೇ ತಿದ್ದುಪಡಿಯಾಗಿ 1993ರಲ್ಲಿ ಜಾರಿಗೆ ಬಂತು. ನಮ್ಮ ಕರ್ನಾಟಕ ಇನ್ನೂ ಮುಂದೆ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯ್ತಿ ಮಂತ್ರಿ ಆಗಿದ್ದ ಕಾಲದಲ್ಲೇ ಶೇ 25 ಕೊಟ್ಟಾಗಿತ್ತು. ಈಗ ಅರ್ಧ ಸೀಟು ಹೆಂಗಸರಿಗೆ. ಆಳ್ವ ಅವರ ಫೋಟೋ ಗೋಡೆಗೆ ಹಾಕ್ಕೊಂಡು ಅವರೇ ತೆಗೆಸಿದ ಬಾಗಿಲನ್ನ ಗಲೀಜು ಅಂತ ಬಿಟ್ಟು ಹೋಗಿದ್ದು ನಾನು.

ಹಾಗಾಗಿ ಪಕ್ಷನೋ ಪಂಚಾಯ್ತಿನೋ ಅನ್ನೋ ನಿಮ್ಮ ಪ್ರಶ್ನೆನೇ ನಂಗೆ ಸರಿ ಕಾಣ್ತಿಲ್ಲ. ಅತ್ತೆ ಮಾವ ಎಂಪಿ ಅಲ್ದೇ ಇದ್ರೆ ವಾರ್ಡಿಂದ ಶುರು ಮಾಡಿ. ಚರಂಡಿ, ಬೀದಿದೀಪ, ಉದ್ಯೋಗ ಖಾತ್ರಿ ಬಿಲ್ಲು, ಇದನ್ನ ಐದು ವರ್ಷ ಮಾಡ್ದೋರಿಗೆ ಪಕ್ಷದೋರೇ ಫೋನ್ ಮಾಡ್ತಾರೆ. ಯಾರೇ ಹೇಳಿದ್ರೂ ಊರಿನ ಪಟ್ಟೀಲಿರೋ ವೋಟು ಮಾತ್ರ ಕದಲಿಸ್ಬೇಡಿ.

ನಾನು ಹೆಸರು ಊರಿಗೆ ವಾಪಸ್ ತರೋ ಹೊತ್ತಿಗೆ ಮೀಸಲಾತಿ ಬದಲಾಗಿತ್ತು. 2015ರಲ್ಲಿ ನಿಂತೆ, ಗೆದ್ದೆ. ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದು ಅದೇ ಅಡಿಕೆ ಸುಲಿಯೋ ಅಕ್ಕ, ಹಾಕೋ ಮುಂಚೆ ಪಟ್ಟೀಲಿ ನನ್ನ ಹೆಸರು ಎಲ್ಲಿದೆ ತೋರ್ಸು ಅಂದಿದ್ರು.