ದರ ಇಟ್ಟರೆ ಸೇವೆ ಉಳಿಯುತ್ತದೆಯೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಾಮಾಜಿಕ ಕೆಲಸಕ್ಕೆ ವ್ಯಾಪಾರದ ವಿಧಾನ ಬಳಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಲೆಕ್ಕಗಳಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಹಾಕಿ ಅದೇ ಲೆಕ್ಕ ಮಾಡಿ ನೋಡಿ.

ಪ್ರಶ್ನೆ: ದಾನಿಗಳ ಹಣದಲ್ಲಿ ಕುಡಿಯುವ ನೀರಿನ ಶುದ್ಧೀಕರಣ ಘಟಕ ಹಾಕಿದ್ದೇವೆ. 20 ಲೀಟರಿನ ಕ್ಯಾನಿಗೆ ಸಣ್ಣ ದರ ಇಟ್ಟಿದ್ದೇವೆ. ಸಂಬಳ, ಕರೆಂಟ್ ಬಿಲ್ ಕಟ್ಟಿದ ಮೇಲೂ ತಿಂಗಳಿಗಿಷ್ಟು ಉಳಿಯುತ್ತದೆ. ಘಟಕ ಸ್ವಂತ ಕಾಲ ಮೇಲೆ ನಿಂತಿದೆ ಅನ್ನಬಹುದೆ?

ಉತ್ತರ: ಇಷ್ಟರಿಂದಲೇ ಹೇಳಲಾಗದು. ಉಳಿಯುತ್ತಿರುವುದು ಲಾಭವಿರಬಹುದು, ಇಲ್ಲವೇ ಮುಂದೆ ಮೆಂಬ್ರೇನ್ (ನೀರನ್ನು ಸೋಸುವ ತೆಳು ಪೊರೆ) ಬದಲಿಸಲು ಬೇಕಾಗುವ ದುಡ್ಡೇ ಇರಬಹುದು. ಗಲ್ಲಾಪೆಟ್ಟಿಗೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಖರ್ಚನ್ನು ಎರಡು ಪಾಲು ಮಾಡಿ. ಕ್ಯಾನ್ ಹೆಚ್ಚಿದಂತೆ ಹೆಚ್ಚುವುದು ಒಂದು: ಪಂಪಿನ ಕರೆಂಟು, ಕಾರ್ಟ್ರಿಜ್ ಫಿಲ್ಟರ್, ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟದಂತೆ ಹಾಕುವ ಆ್ಯಂಟಿಸ್ಕೇಲಂಟ್. ಒಂದು ಕ್ಯಾನ್ ಹೋದರೂ ನೂರು ಹೋದರೂ ತಪ್ಪದ್ದು ಇನ್ನೊಂದು: ಆಪರೇಟರ್ ಸಂಬಳ, ಬಾಡಿಗೆ, ಲ್ಯಾಬ್ ಪರೀಕ್ಷೆ, ಜೊತೆಗೆ ಮೆಂಬ್ರೇನ್ ಮತ್ತು ಮೋಟಾರಿಗೆಂದು ತಿಂಗಳು ತಿಂಗಳೂ ಎತ್ತಿಡಬೇಕಾದ ಹಣ. ಈ ಕೊನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕ್ಯಾನಿನ ದರ 10, ಕ್ಯಾನಿನ ಜೊತೆ ಏರುವ ಖರ್ಚು 3 ಎಂದಿಟ್ಟುಕೊಳ್ಳಿ. ಕ್ಯಾನಿಗೆ 7 ಕೈಯಲ್ಲಿ ನಿಲ್ಲುತ್ತದೆ. ಸಂಬಳ 12,000, ಬಾಡಿಗೆ 2,000, ಪರೀಕ್ಷೆ 1,000, ಮೆಂಬ್ರೇನ್ ಮತ್ತು ಮೋಟಾರಿಗೆ ಎತ್ತಿಡುವ ನಿಧಿ 6,000. ಒಟ್ಟು ತಿಂಗಳಿಗೆ 21,000. ಇದನ್ನು 7ರಿಂದ ಭಾಗಿಸಿದರೆ 3,000 ಕ್ಯಾನ್, ಅಂದರೆ ದಿನಕ್ಕೆ 100. ಮನೆಯೊಂದು ಎರಡು ದಿನಕ್ಕೊಂದು ಕ್ಯಾನ್ ಒಯ್ದರೆ ಬಿಡದೆ ಬರುವ 200 ಮನೆಗಳು ಬೇಕು. ನಿಮ್ಮಲ್ಲಿ ದಿನಕ್ಕೆ 80 ಕ್ಯಾನ್ ಮಾತ್ರ ಹೋಗುತ್ತಿದ್ದರೆ ತಿಂಗಳಿಗೆ ಸಿಗುವುದು 16,800. ಸಂಬಳ, ಬಾಡಿಗೆ, ಪರೀಕ್ಷೆಗೆ 15,000 ಹೋಗಿ 1,800 ಉಳಿಯುತ್ತದೆ. ನಿಧಿಗೆ ಹೋಗಬೇಕಾದದ್ದು 6,000. ಉಳಿತಾಯ ಎಂದು ಕಾಣುವುದು ವಾಸ್ತವದಲ್ಲಿ 4,200 ನಷ್ಟ. ಘಟಕ ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ, ಮೆಂಬ್ರೇನ್ ಕೈಕೊಡುವ ದಿನದವರೆಗೆ.

ಆಗ ಮೊದಲು ತೋಚುವುದು ದರ ಏರಿಸುವುದು. ದರ 12 ಮಾಡಿದರೆ ಕ್ಯಾನಿಗೆ 9 ಸಿಗುತ್ತದೆ, ದಿನಕ್ಕೆ 78 ಕ್ಯಾನ್ ಸಾಕು. ಈಗ 80 ಹೋಗುತ್ತಿವೆ. ದರ ಏರಿದ್ದಕ್ಕೆ ಮೂರು ಕ್ಯಾನ್ ಕಮ್ಮಿಯಾದರೂ ಮತ್ತೆ ನಷ್ಟವೇ. ಅದಕ್ಕಿಂತ ಗಿರಾಕಿ ಏಕೆ ಬರುತ್ತಿಲ್ಲ ಎಂದು ನೋಡಿ. ಹೆಚ್ಚಾಗಿ ಕಾರಣ ದರವಲ್ಲ, ಬಾಗಿಲು ತೆರೆಯುವ ಹೊತ್ತು ಮತ್ತು ಹೊರುವ ಭಾರ. ಜನ ಕೆಲಸಕ್ಕೆ ಹೊರಡುವ ಮುಂಚೆ, ಮರಳಿದ ಮೇಲೆ ಘಟಕ ತೆರೆದಿರಲಿ. ತುಂಬಿದ ಕ್ಯಾನ್ 20 ಕಿಲೋ ದಾಟುತ್ತದೆ, ದೂರದ ಮನೆಯವರು ಹೊರಲಾರರು. ಮನೆಗೆ ತಲುಪಿಸುವವರನ್ನು ಕ್ಯಾನಿಗಿಷ್ಟು ಕಮಿಷನ್ ಮೇಲೆ ಇಡಿ, ಅದರ ದರವನ್ನು ಬೇರೆಯಾಗಿಯೇ ಬರೆದು ಹಾಕಿ.

ಕಚ್ಚಾ ನೀರು ಗಡುಸಾಗಿದ್ದರೆ ಆ್ಯಂಟಿಸ್ಕೇಲಂಟ್ ಹಾಕುವುದರಲ್ಲಿ ಜಿಪುಣತನ ಬೇಡ. ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟಿ ಅದರ ಆಯಸ್ಸು ತೀರಾ ಕುಗ್ಗುತ್ತದೆ. ಶುದ್ಧ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಅನ್ನು ದಿನಾ ಪುಸ್ತಕದಲ್ಲಿ ಬರೆಸಿ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೆಂಬ್ರೇನ್ ಸವೆಯುತ್ತಿದೆ ಎಂದು ಮುಂಚೆಯೇ ತಿಳಿಯುತ್ತದೆ. ಟಿಡಿಎಸ್ ಮೀಟರ್ ಕ್ರಿಮಿಗಳನ್ನು ತೋರಿಸದು, ಆ ಪರೀಕ್ಷೆಯನ್ನು ಲ್ಯಾಬಿನಲ್ಲೇ ಮಾಡಿಸಬೇಕು.

ಪ್ರಶ್ನೆ: "ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಅಲ್ಪಸ್ವಲ್ಪವಾದರೂ ದುಡ್ಡು ತೆಗೆದುಕೊಳ್ಳಿ" ಎಂದು ಎಲ್ಲರೂ ಹೇಳುತ್ತಾರೆ. ನಾವು ಕೊಡುವುದು ಸೊಳ್ಳೆಪರದೆ. ದರ ಇಡಬೇಕೆ?

ಉತ್ತರ: ಬೇಡ. ಕೇಳಲು ಸರಿಯೆನಿಸುವ ಈ ಮಾತನ್ನು ಪರೀಕ್ಷಿಸಿ ನೋಡಿದ್ದಾರೆ. ಪಶ್ಚಿಮ ಕೀನ್ಯಾದ ಪ್ರಸವಪೂರ್ವ ಚಿಕಿತ್ಸಾಲಯಗಳಲ್ಲಿ ಜೆಸಿಕಾ ಕೊಹೆನ್ ಮತ್ತು ಪಾಸ್ಕಲೀನ್ ಡ್ಯುಪಾ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧ ಲೇಪಿಸಿದ ಪರದೆಯನ್ನು ಕೆಲವೆಡೆ ಉಚಿತವಾಗಿ, ಕೆಲವೆಡೆ ಬೇರೆ ಬೇರೆ ಸಣ್ಣ ದರಕ್ಕೆ ಕೊಟ್ಟರು. ದರ ಸೊನ್ನೆಯಿಂದ 60 ಸೆಂಟಿಗೆ ಏರಿದ್ದಕ್ಕೆ ಪರದೆ ಒಯ್ದವರ ಪ್ರಮಾಣ 60 ಶೇಕಡಾ ಅಂಶದಷ್ಟು ಕುಸಿಯಿತು. ಕೊಂಡವರು ಉಚಿತವಾಗಿ ಪಡೆದವರಿಗಿಂತ ಹೆಚ್ಚು ಬಳಸಿದರು ಎನ್ನುವುದಕ್ಕೆ ಸಾಕ್ಷ್ಯ ಸಿಗಲಿಲ್ಲ.

ಪರದೆ, ಲಸಿಕೆ, ಜಂತುಹುಳುವಿನ ಮಾತ್ರೆ ಇವುಗಳ ಲಾಭ ಬಳಸಿದವರಿಗಷ್ಟೇ ನಿಲ್ಲದೆ ನೆರೆಮನೆಗೂ ಹೋಗುತ್ತದೆ. ಅಂಥವಕ್ಕೆ ದರ ಇಟ್ಟರೆ ತೀರಾ ಅಗತ್ಯವಿರುವವರೇ ಮೊದಲು ಹಿಂದೆ ಸರಿಯುತ್ತಾರೆ. ಓದುವ ಕನ್ನಡಕ, ಸೌರದೀಪ, ಹೊಗೆ ಕಡಿಮೆ ಮಾಡುವ ಒಲೆ ಬೇರೆ ಜಾತಿಯವು. ಬಳಸುವವರಿಗೇ ತಕ್ಷಣ ಅನುಕೂಲ ಕಾಣುತ್ತದೆ, ರಿಪೇರಿಗೆ ಯಾರಾದರೂ ಹೊಣೆ ಇರಬೇಕಾಗುತ್ತದೆ. ಅಲ್ಲಿ ದರ ಇಡಿ, ಕಂತು ಕೊಡಿ. ವ್ಯಾಪಾರದ ವಿಧಾನ ಅಂದರೆ ದುಡ್ಡು ತೆಗೆದುಕೊಳ್ಳುವುದೊಂದೇ ಅಲ್ಲ. ಉಚಿತವಾಗಿ ಹಂಚುವಾಗಲೂ ಒಂದು ಪರದೆಯನ್ನು ಹಾಸಿಗೆಯವರೆಗೆ ತಲುಪಿಸಲು ಎಷ್ಟಾಯಿತು, ಮೂರು ತಿಂಗಳ ಮೇಲೆ ಎಷ್ಟು ಮನೆಯಲ್ಲಿ ಅದು ತೂಗುತ್ತಿದೆ ಎಂದು ಲೆಕ್ಕ ಇಡಿ.

ಪ್ರಶ್ನೆ: ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಉಚಿತ ಚಿಕಿತ್ಸೆ ಕೊಡುವ ಮಾದರಿ ನಮ್ಮ ಸಣ್ಣ ಆಸ್ಪತ್ರೆಗೆ ಹೊಂದುತ್ತದೆಯೇ?

ಉತ್ತರ: ಮೊದಲು ಅನುಪಾತ. ಒಂದು ಶಸ್ತ್ರಚಿಕಿತ್ಸೆಗೆ ನಿಮಗೆ ತಗಲುವ ಖರ್ಚು 100, ದುಡ್ಡು ಕೊಡುವವರು ಕೊಡುವುದು 250 ಆದರೆ ಒಬ್ಬರಿಂದ 150 ಮಿಗುತ್ತದೆ. ಅದು ಒಂದೂವರೆ ಉಚಿತ ಚಿಕಿತ್ಸೆಗೆ ಸಾಕು. ನೂರರಲ್ಲಿ 40 ಜನ ಕೊಟ್ಟರೆ 60 ಜನಕ್ಕೆ ಉಚಿತ. ಪಕ್ಕದಲ್ಲಿ ಇನ್ನೊಂದು ಆಸ್ಪತ್ರೆ ಬಂದು ನೀವು 200ಕ್ಕೆ ಇಳಿಸಬೇಕಾದರೆ ಈ ಅನುಪಾತದ ಗೆರೆ 50ಕ್ಕೆ 50 ಆಯಿತು. ಈ ಗೆರೆಯನ್ನು ಪ್ರತಿ ತಿಂಗಳೂ ನೋಡದಿದ್ದರೆ ವರ್ಷದ ಕೊನೆಗೆ ಔಷಧದವರ ಬಾಕಿ ನೋಡಬೇಕಾಗುತ್ತದೆ.

ಈ ಮಾದರಿಗೆ ಹೆಸರಾದದ್ದು ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಶುರು ಮಾಡಿದ್ದು. ನೋಡಲು ಹೋದವರು ಹೆಚ್ಚಾಗಿ ದರಪಟ್ಟಿಯನ್ನು ನಕಲು ಮಾಡಿಕೊಂಡು ಬರುತ್ತಾರೆ. ನಕಲು ಮಾಡಬೇಕಾದದ್ದು ಆಪರೇಷನ್ ಥಿಯೇಟರನ್ನು. ಸರ್ಜನ್ ಒಂದು ಟೇಬಲಿನಲ್ಲಿ ಪೊರೆ ತೆಗೆಯುತ್ತಿರುವಾಗ ಪಕ್ಕದ ಟೇಬಲಿನಲ್ಲಿ ಮುಂದಿನ ರೋಗಿಯನ್ನು ಸಿಬ್ಬಂದಿ ಸಿದ್ಧಮಾಡಿರುತ್ತಾರೆ. ಪ್ರಾಥಮಿಕ ತಪಾಸಣೆ, ಅಳತೆ, ಆಪ್ತಸಲಹೆಗಳನ್ನೆಲ್ಲ ತರಬೇತಿ ಪಡೆದ ನೇತ್ರ ಸಹಾಯಕಿಯರು ಮಾಡುತ್ತಾರೆ. ಅತಿ ದುಬಾರಿಯಾದದ್ದು ಸರ್ಜನ್ನರ ಸಮಯ, ಅದು ಒಂದು ನಿಮಿಷವೂ ಕಾಯುತ್ತ ಕೂರುವುದಿಲ್ಲ. ಕಣ್ಣಿನೊಳಗೆ ಇಡುವ ಮಸೂರ ದುಬಾರಿಯಾಗಿದ್ದಾಗ ಅದನ್ನು ತಾವೇ ತಯಾರಿಸಲು 1992ರಲ್ಲಿ ಅರೋಲ್ಯಾಬ್ ಹುಟ್ಟಿತು. ಒಂದು ಚಿಕಿತ್ಸೆಯ ಖರ್ಚು ಇಳಿದದ್ದರಿಂದಲೇ ಉಚಿತ ಚಿಕಿತ್ಸೆ ಸಾಧ್ಯವಾಯಿತು.

ನಿಮ್ಮಲ್ಲಿ ರೋಗಿಗಳ ಸಂಖ್ಯೆ ಕಡಿಮೆಯಿದ್ದು, ಸರ್ಜನ್ ವಾರಕ್ಕೆರಡು ದಿನ ಬಂದು ಹೋಗುವವರಾದರೆ ಇದು ಹೊಂದದು. ಹೊಂದಿದರೂ ಒಂದು ಕಟ್ಟುಪಾಡು ಇರಲಿ: ಕೋಣೆ, ಹಾಸಿಗೆ, ಊಟದಲ್ಲಿ ವ್ಯತ್ಯಾಸ ಮಾಡಬಹುದು, ಸರ್ಜನ್, ಔಷಧ, ಸೋಂಕಿನ ಎಚ್ಚರಿಕೆಯಲ್ಲಿ ಕೂಡದು. ಎರಡೂ ಕಡೆಯ ಸೋಂಕಿನ ಪ್ರಮಾಣವನ್ನು ಬೇರೆ ಬೇರೆ ಬರೆದಿಡಿ. ಉಚಿತ ವಿಭಾಗದಲ್ಲಿ ಅದು ಹೆಚ್ಚಿದ್ದರೆ ನೀವು ಉಳಿಸುತ್ತಿರುವುದು ಎಲ್ಲಿಂದ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಕಿರುಸಾಲ ಯೋಜನೆಯಲ್ಲಿ ಮರುಪಾವತಿ 98 ಶೇಕಡಾ. ಬಡ್ಡಿಯೂ 10 ಶೇಕಡಾ ಮಾತ್ರ. ಆದರೂ ಬ್ಯಾಂಕ್ ನಮಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಿದೆ. ಏಕೆ?

ಉತ್ತರ: ಎರಡೂ ಅಂಕಿಗಳನ್ನು ಬ್ಯಾಂಕಿನವರು ನಂಬುತ್ತಿಲ್ಲ, ಅದರಲ್ಲಿ ಅವರ ತಪ್ಪಿಲ್ಲ.

ಬಡ್ಡಿಯನ್ನು ನೋಡಿ. 10,000 ಸಾಲ, 50 ವಾರದ ಕಂತು, ಒಟ್ಟು ಬಡ್ಡಿ 1,000. ಆದರೆ ಸಾಲಗಾರರ ಕೈಯಲ್ಲಿ ಪೂರ್ತಿ 10,000 ಇರುವುದು ಮೊದಲ ವಾರ ಮಾತ್ರ. ವಾರಕ್ಕೆ 200 ಅಸಲು ಕಳೆಯುತ್ತ ಸರಾಸರಿ ಬಾಕಿ 5,000ದ ಆಸುಪಾಸು. ಆದ್ದರಿಂದ ನಿಜವಾದ ವಾರ್ಷಿಕ ಬಡ್ಡಿ ಹೆಚ್ಚುಕಡಿಮೆ 20 ಶೇಕಡಾ. ಸಾಲ ಕೊಡುವಾಗಲೇ ಶುಲ್ಕ ಹಿಡಿದುಕೊಂಡರೆ ಇನ್ನೂ ಮೇಲೆ. ಸಾಲ ಪಡೆಯುವವರಿಗೆ ಇಳಿಕೆ ಬಾಕಿಯ ಮೇಲಿನ ಬಡ್ಡಿಯನ್ನೇ ಬರೆದು ತೋರಿಸಿ.

ಮರುಪಾವತಿಯ ಬದಲು 30 ದಿನ ಮೀರಿದ ಸುಸ್ತಿಯನ್ನು ಲೆಕ್ಕ ಹಾಕಿ. ಅದೇ ಸಾಲದಲ್ಲಿ 20 ಕಂತು ಕಟ್ಟಿದವರು ಮುಂದಿನ ಐದು ಕಂತು ತಪ್ಪಿಸಿದರು ಎನ್ನಿ. ತಪ್ಪಿದ ಅಸಲು 1,000. ಆದರೆ ಅಪಾಯದಲ್ಲಿರುವುದು ಬಾಕಿ ಇರುವ ಪೂರ್ತಿ 6,000. ಹೀಗೆ ಎಲ್ಲ ಸುಸ್ತಿ ಸಾಲಗಳ ಪೂರ್ತಿ ಬಾಕಿಯನ್ನು ಕೂಡಿಸಿ, ಒಟ್ಟು ಸಾಲದ ಬಾಕಿಯಿಂದ ಭಾಗಿಸಿ. ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿಕೊಂಡಿದ್ದರೆ ಅದನ್ನೂ ಸುಸ್ತಿಯ ಕಡೆಗೇ ಹಾಕಿ. ಸಾಲ ವೇಗವಾಗಿ ಬೆಳೆಯುತ್ತಿದ್ದರೆ ಹೊಸ ಸಾಲಗಳ ರಾಶಿಯಲ್ಲಿ ಹಳೆಯ ಸುಸ್ತಿ ಮುಚ್ಚಿಹೋಗುತ್ತದೆ, ಹಾಗಾಗಿ ಪ್ರತಿ ಮೂರು ತಿಂಗಳಲ್ಲಿ ಕೊಟ್ಟ ಸಾಲಗಳನ್ನು ಒಂದು ಗುಂಪಾಗಿ ನೋಡಬೇಕು.

ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಶುರುಮಾಡಿದ ಕಿರುಸಾಲದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಾಲ್ಕೇ ವರ್ಷದಲ್ಲಿ, 2010ರಲ್ಲಿ, ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ಕೊಟ್ಟು, ಒತ್ತಾಯದ ವಸೂಲಿಯ ದೂರುಗಳು ಎದ್ದು, ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಮರುಪಾವತಿ ಕುಸಿಯಿತು. ಅದಕ್ಕೆ ಮುಂಚೆ ಅಲ್ಲಿಯೂ ಅಂಕಿಗಳು ಚೆನ್ನಾಗಿಯೇ ಇದ್ದವು.

ಪ್ರಶ್ನೆ: ಹೊಸ ಯಂತ್ರವೊಂದಕ್ಕೆ ದೊಡ್ಡ ದಾನಿ ಸಿಕ್ಕಿದ್ದಾರೆ. ಒಮ್ಮೆಗೇ ನೂರು ಕಡೆ ಹಾಕಿ ಎನ್ನುತ್ತಿದ್ದಾರೆ. ಒಪ್ಪಬಹುದೆ?

ಉತ್ತರ: ಐದು ಕಡೆ ಹಾಕಿ, ಒಂದು ಸುತ್ತು ಎಲ್ಲ ಋತುಗಳೂ ಕಳೆಯಲಿ. ಮತ್ತೆ ಕಾಗದದ ಮೇಲೆ ಒಂದು ಗುಣಾಕಾರ ಮಾಡಿ.

ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪ್ಲೇಪಂಪ್ ನೆನಪಿಸಿಕೊಳ್ಳಿ. ಪಂಪಿಗೆ ಜೋಡಿಸಿದ ತಿರುಗುವ ಚಕ್ರದ ಮೇಲೆ ಮಕ್ಕಳು ಕೂತು ಆಡಿದರೆ ಬಾವಿಯ ನೀರು ತೊಟ್ಟಿಗೆ ಏರಬೇಕು, ತೊಟ್ಟಿಯ ಮೇಲಿನ ಜಾಹೀರಾತಿನ ಹಣದಲ್ಲಿ ರಿಪೇರಿ ನಡೆಯಬೇಕು. 2006ರಲ್ಲಿ ಅದಕ್ಕೆ ಭಾರಿ ಹಣದ ಭರವಸೆ ಬಂತು. ಗಂಟೆಗೆ 1,400 ಲೀಟರ್ ಎಂದಿದ್ದರು, ಒಂದು ಪಂಪಿಗೆ 2,500 ಜನ ಎಂದಿದ್ದರು. ಒಬ್ಬರಿಗೆ ದಿನಕ್ಕೆ ಬರೀ 15 ಲೀಟರ್ ಹಿಡಿದರೂ 37,500 ಲೀಟರ್ ಬೇಕು. ಭಾಗಿಸಿ ನೋಡಿ: ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕು! ಎಷ್ಟೋ ಕಡೆ ಕೊನೆಗೆ ಹೆಂಗಸರೇ ಆ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕಾಯಿತು. ಹಳ್ಳಿಯ ತೊಟ್ಟಿಗೆ ಜಾಹೀರಾತು ಕೊಡುವವರು ಸಿಗದೆ ರಿಪೇರಿ ನಿಂತಿತು.

ನಿಮ್ಮ ಐದು ಕಡೆ ಗಮನಿಸಬೇಕಾದದ್ದು ಎಷ್ಟು ಯಂತ್ರ ಹಾಕಿದಿರಿ ಎಂಬುದಲ್ಲ. ಕೆಟ್ಟ ಮೇಲೆ ಎಷ್ಟು ದಿನಕ್ಕೆ ಸರಿಹೋಯಿತು, ಬಿಡಿಭಾಗ ಎಲ್ಲಿಂದ ಬಂತು, ದುಡ್ಡು ಯಾರು ಕೊಟ್ಟರು ಎಂಬುದು. ದಾನಿಗೆ ವರದಿ ಬರೆಯುವಾಗಲೂ ಹೀಗೆಯೇ ಬರೆಯಿರಿ. ಕೆಲವು ದಾನಿಗಳಿಗೆ ಇದು ರುಚಿಸದು; ಅದು ಮೊದಲೇ ತಿಳಿಯುವುದು ಒಳ್ಳೆಯದು.

ಪ್ರಶ್ನೆ: ಟ್ರಸ್ಟ್, ಸಹಕಾರ ಸಂಘ, ಕಂಪನಿ, ಇವುಗಳಲ್ಲಿ ಯಾವುದು?

ಉತ್ತರ: ಕಾನೂನು ದೇಶದಿಂದ ದೇಶಕ್ಕೆ ಬೇರೆ. ನೋಡಬೇಕಾದದ್ದು ಎರಡು: ಮಿಕ್ಕಿದ್ದು ಯಾರಿಗೆ ಹೋಗುತ್ತದೆ, ಸಂಸ್ಥೆ ಮುಚ್ಚಿದರೆ ಆಸ್ತಿ ಯಾರದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ಕೆಲಸಗಾರರು ತೆರೆದ ಸಹಕಾರಿ ಅಂಗಡಿಯಲ್ಲಿ ಮಿಕ್ಕ ಹಣವನ್ನು ಸದಸ್ಯರು ಕೊಂಡ ಸರಕಿಗೆ ತಕ್ಕಂತೆ ಹಂಚುತ್ತಿದ್ದರು. ಬ್ರಿಟನ್ನಿನಲ್ಲಿ 2005ರಿಂದ ಇರುವ ಸಮುದಾಯ ಹಿತಾಸಕ್ತಿ ಕಂಪನಿಯಲ್ಲಿ ಆಸ್ತಿಯನ್ನು ಮಾಲೀಕರು ಹಂಚಿಕೊಳ್ಳುವಂತಿಲ್ಲ. ಬಳಸುವವರೇ ದುಡ್ಡು ಹಾಕಬಲ್ಲವರಾದರೆ ಸಹಕಾರ ಸಂಘ, ಹೊರಗಿನ ಬಂಡವಾಳ ಬೇಕಾದರೆ ಕಂಪನಿ, ಬರೀ ದಾನದಲ್ಲೇ ನಡೆಯುವುದಾದರೆ ಟ್ರಸ್ಟ್ ಎನ್ನುವುದು ಸ್ಥೂಲವಾದ ಲೆಕ್ಕ.

ಪ್ರಶ್ನೆ: ಮೂರು ವರ್ಷವಾದರೂ ನಷ್ಟದಲ್ಲೇ ಇದ್ದೇವೆ. ಮುಚ್ಚಿಬಿಡಬೇಕೆ?

ಉತ್ತರ: ನಷ್ಟ ಎರಡು ಬಗೆಯದು. ಪ್ರತಿ ಗಿರಾಕಿಯ ಮೇಲೂ ಕಳೆದುಕೊಳ್ಳುತ್ತಿದ್ದರೆ ಬೆಳೆದಷ್ಟೂ ನಷ್ಟ. ಖರ್ಚು ಇಳಿಸಲಾಗದಿದ್ದರೆ ಅದು ದಾನದಿಂದ ನಡೆಯಬೇಕಾದ ಕೆಲಸ ಎಂದು ದಾನಿಗಳಿಗೆ ಸ್ಪಷ್ಟವಾಗಿ ಹೇಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಪ್ರತಿ ಗಿರಾಕಿಯಿಂದ ಸ್ವಲ್ಪ ಉಳಿಯುತ್ತಿದ್ದು ಖಾಯಂ ಖರ್ಚಿಗೆ ಸಾಲದಿದ್ದರೆ ಎಷ್ಟು ಗಿರಾಕಿ ಬೇಕು, ಯಾವ ದಿನದೊಳಗೆ ಎಂದು ಬರೆದಿಟ್ಟುಕೊಳ್ಳಿ, ಆ ದಿನವನ್ನು ಮುಂದೂಡಬೇಡಿ.

ಮುಚ್ಚುವುದೇ ಆದರೆ ಕೈಯಲ್ಲಿ ನಾಲ್ಕು ತಿಂಗಳ ಖರ್ಚು ಇರುವಾಗಲೇ ಮುಚ್ಚಿ. ಹಣ ಖಾಲಿಯಾದ ಮೇಲೆ ಮುಚ್ಚಿದರೆ ಸಂಬಳವೂ ಬಾಕಿ, ಜನರ ಡಿಪಾಸಿಟ್ಟೂ ಬಾಕಿ. ಮೊದಲು ಡಿಪಾಸಿಟ್ ಮತ್ತು ಮುಂಗಡ ವಾಪಸ್ ಮಾಡಿ, ಆಮೇಲೆ ಸಿಬ್ಬಂದಿಗೆ ನೋಟಿಸ್ ಅವಧಿಯ ಸಂಬಳ, ಆಮೇಲೆ ಸರಬರಾಜುದಾರರ ಬಾಕಿ. ಕಾನೂನು ಬೇರೆ ಸರದಿ ಹೇಳಿದ್ದರೆ ಅದರಂತೆ ನಡೆಯಿರಿ. ಮಾರಿದ ಸಾಮಾನಿಗೆ ವಾರಂಟಿ ಉಳಿದಿದ್ದರೆ ಬಿಡಿಭಾಗಗಳನ್ನು ಹತ್ತಿರದ ರಿಪೇರಿಯವರಿಗೆ ಒಪ್ಪಿಸಿ, ಅವರ ವಿಳಾಸವನ್ನು ಪ್ರತಿ ಗಿರಾಕಿಗೂ ಬರೆದು ಕೊಡಿ.